ಒಂದು ಗೋಡೆಯಲ್ಲಿ ನಿಲ್ಲದ ಪಟ

ನನ್ನ ಅತ್ತೆ ಸುನಂದಮ್ಮ ಕೂತು ಊಟ ಮಾಡಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಹಿತ್ತಿಲಿಗೆ ಓಡಾಡುತ್ತಲೇ ಮುದ್ದೆ ನುಂಗುತ್ತಾರೆ. ಮದುವೆಮನೆಗೆ ಹೋದರೆ ಧಾರೆ ಮುಗಿಯುವ ಮೊದಲೇ ಚಪ್ಪಲಿ ಹುಡುಕಲು ಶುರು. ಬಸ್ಸಿನಲ್ಲಿ ಕಷ್ಟಪಟ್ಟು ಸೀಟು ಹಿಡಿಯುತ್ತಾರೆ, ಹಿಡಿದ ಮೇಲೆ ಇಳಿಯುವ ಊರು ಇನ್ನೂ ದೂರವಿರುವಾಗಲೇ ಎದ್ದು ಬಾಗಿಲ ಹತ್ತಿರ ನಿಂತುಕೊಳ್ಳುತ್ತಾರೆ. ನಾನು ಚುಂಚನಕಟ್ಟೆ ಕಡೆಯವಳು. ನಾಲೆಗೆ ನೀರು ಬಿಟ್ಟಾಗ ನಾಟಿ, ಬತ್ತ ಹಣ್ಣಾದಾಗ ಕೊಯ್ಲು, ನಡುವೆ ಒಂದಿಷ್ಟು ಕೂತು ಹರಟೆ, ಹೀಗೆ ಬೆಳೆದ ಜನ ನಾವು. ಹುಣಸೂರಿನಿಂದ ಕೋಟೆ ಪಟ್ಟಣಕ್ಕೆ ಹೋಗುವ ರಸ್ತೆಯ ಈ ಹೊಗೆಸೊಪ್ಪಿನ ಊರಿಗೆ ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆಯನ್ನು ನೋಡಿ ನೋಡಿ ನನಗೆ ಕಾಲು ನೋವು ಬಂದಿತ್ತು.

ಸುಮ್ಮನೆ ಹಾಸ್ಯ ಮಾಡುತ್ತಿಲ್ಲ. ಮಾವ ತೀರಿಕೊಂಡಾಗ ನನ್ನ ಗಂಡ ಚಲುವರಾಜು ಇನ್ನೂ ಹೈಸ್ಕೂಲಿನಲ್ಲಿದ್ದರಂತೆ. ಸಸಿಮಡಿಯಿಂದ ಹಿಡಿದು ಸೊಪ್ಪನ್ನು ಹರಾಜಿಗೆ ಸಾಗಿಸುವವರೆಗೆ ಎಲ್ಲವನ್ನೂ ಈ ಒಂದು ಹೆಂಗಸು ನಿಭಾಯಿಸಿದ್ದು. ನಿಂತರೆ ಆಗುತ್ತಿರಲಿಲ್ಲ, ಅದಕ್ಕೆ ನಿಲ್ಲುವುದನ್ನೇ ಮರೆತುಬಿಟ್ಟರು ಎಂದು ಊರಿನವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರ ಒಳಗಿನ ಚಡಪಡಿಕೆ ಮಾವ ಸಾಯುವುದಕ್ಕಿಂತ ಬಹಳ ಹಿಂದಿನದು.

ಅದರ ಬೇರು ಒಂದು ಪಟದಲ್ಲಿದೆ. ಅದು ಅತ್ತೆಯ ತಾಯಿ ಚಿಕ್ಕತಾಯಮ್ಮನದು. ಫೋಟೊ ಅಲ್ಲ, ಕೈಯಲ್ಲಿ ಬರೆದ ಚಿತ್ರ. ಅತ್ತೆಯ ತವರು ಹಂಪಾಪುರ. ಅಲ್ಲಿನ ಸ್ಕೂಲಿಗೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರು ಅವರ ಮನೆಯ ಜಗುಲಿಯಲ್ಲಿದ್ದುಕೊಂಡು, ಅಲ್ಲೇ ಉಂಡು, ವರ್ಗವಾಗಿ ಹೋಗುವಾಗ ಆ ಮನೆಯ ಸೊಸೆಯ ಚಿತ್ರವನ್ನು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ನೀರುಬಣ್ಣ ತುಂಬಿ ಕೊಟ್ಟು ಹೋದರಂತೆ. ಆಮೇಲೆ ಚಿಕ್ಕತಾಯಮ್ಮನಿಗೆ ಕ್ಷಯ ಬಂತು. ಅತ್ತೆ ಹಸುಗೂಸಾಗಿದ್ದಾಗಲೇ ಮೈಸೂರಿನ ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ. ಅವಳ ಫೋಟೊ ಅಂತ ಒಂದೂ ಇಲ್ಲ. ಲೋಕದಲ್ಲಿ ಆ ಮುಖ ಉಳಿದಿರುವುದು ಆ ಕಾಗದದ ಮೇಲೆ ಮಾತ್ರ.

ಇಷ್ಟೇ ಆಗಿದ್ದರೆ ತಾಯಿಯಿಲ್ಲದ ಎಷ್ಟೋ ಮಕ್ಕಳ ಹಾಗೆ ಅತ್ತೆಯೂ ಸಮಾಧಾನ ಮಾಡಿಕೊಂಡಿರುತ್ತಿದ್ದರೇನೋ. ಆದರೆ ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿದ್ದ ಆ ಹುಡುಗಿ ಏನೋ ಹಟ ಮಾಡಿದಾಗ ದೊಡ್ಡವ್ವ ಒಬ್ಬಳು ರೇಗಿ ಒಂದು ಮಾತು ಅಂದುಬಿಟ್ಟಳು. "ನಿಮ್ಮವ್ವನೇ ನಿನ್ನ ಒಂದು ದಿವ್ಸನೂ ತೊಡೆ ಮ್ಯಾಲೆ ಹಾಕ್ಕಂಡೋಳಲ್ಲ. ಕಾಯ್ಲೆ ಅಂಟ್ತದೆ ಅಂತ ಹತ್ರಕ್ಕೇ ಬುಡ್ನಿಲ್ಲ. ನಮ್ಮುನ್ಯಾಕೆ ಗೋಳುಯ್ಕತೀಯೆ?" ಅತ್ತೆ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಜಗುಲಿಯಲ್ಲಿ ಸೊಪ್ಪು ಕಟ್ಟುತ್ತಾ, ಮುಖ ಎತ್ತದೆ. ಅದನ್ನು ಕೇಳಿದ ಮೇಲೆ ಪಟದ ವಿಷಯಕ್ಕೆ ಅವರನ್ನು ರೇಗಿಸುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಕಡಿಮೆ ಮಾಡಿದೆ.

ಚಿತ್ರದಲ್ಲಿದ್ದದ್ದು ತಲೆಯಿಂದ ಎದೆಯವರೆಗೆ ಮಾತ್ರ. ಅಗಲ ಹಣೆ, ದುಂಡು ಕುಂಕುಮ, ಮೂಗಿನ ಎರಡೂ ಕಡೆ ಮೂಗುಬೊಟ್ಟು. ಸೀರೆ ಯಾವತ್ತೋ ಹಸಿರಾಗಿತ್ತಂತೆ, ನಾನು ನೋಡುವ ಹೊತ್ತಿಗೆ ಬೂದಿಯ ಬಣ್ಣವಾಗಿತ್ತು. ಕಣ್ಣುಗಳು ಮಾತ್ರ ನೇರಕ್ಕೆ ನೋಡುವುದಿಲ್ಲ, ರೆಪ್ಪೆ ಇಳಿಬಿಟ್ಟಿವೆ. "ಇವ್ಳು ನನ್ ಕಡೀಕೆ ನೋಡಾಕೇ ಇಲ್ಲ ಕಣೆ" ಎಂದು ಅತ್ತೆ ಗೊಣಗುತ್ತಿದ್ದರು. ತವರಿನ ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಈ ಪಟವನ್ನು ಮಲತಮ್ಮಂದಿರಿಂದ ಕೇಳಿ ತಂದವರು ಅವರೇ. ತಮ್ಮಂದಿರಿಗೆ ಅದು ಬೇಕಾಗಿಯೂ ಇರಲಿಲ್ಲ.

ತಂದ ದಿನದಿಂದ ಆ ಪಟಕ್ಕೆ ನೆಲೆ ಇಲ್ಲ. ಮೊದಲು ದೇವರ ಗೂಡಿನ ಪಕ್ಕ ನೇತುಹಾಕಿದರು. ಶುಕ್ರವಾರ ಶುಕ್ರವಾರ ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗಕ್ಕೆ, ಕುಂಕುಮ ಇಡುವುದು. ಮುತ್ತೈದೆಯಾಗಿ ಹೋದವಳಿಗೆ ಕುಂಕುಮ ತಪ್ಪಿಸಬಾರದಲ್ಲ. ಮುಂದಿನ ಶುಕ್ರವಾರ ಹಳೆಯ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿ ಹೊಸದು ಇಡುವುದು. ಮೇಲೆ ನೀರು ತೊಟ್ಟಿಕ್ಕುವ ಹೂವಿನ ಹಾರ. ಆ ನೀರೆಲ್ಲ ಗಾಜಿನ ಮೇಲೆ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಯಾರು ಯೋಚಿಸುತ್ತಾರೆ? ಪಟದ ಮರದ ಕಟ್ಟಿನ ಸಂದಿಯಲ್ಲಿ ಇಳಿದು ಕಾಗದದ ಬುಡಕ್ಕೆ ಹೋಯಿತು. ಕೆಳಗಿನ ಮೂಲೆಯಲ್ಲಿ ಕಾಫಿ ಚೆಲ್ಲಿದ ಹಾಗೆ ಕಂದು ಕಲೆಯೊಂದು ಕಾಣಿಸಿಕೊಂಡಿತು.

ಆವತ್ತಿನಿಂದ ಪಟದ ಸವಾರಿ ಶುರುವಾಯಿತು. ದೇವರ ಗೂಡಿನ ಗೋಡೆಯಾಚೆ ಬಚ್ಚಲಿದೆ, ತೇವ ಎಂದು ನಡುಮನೆಗೆ ಬಂತು. ಅಲ್ಲಿ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಬಿಸಿಲು ಒಳ್ಳೆಯದು, ಒಣಗಲಿ ಎಂದರು. ಕಲೆ ಒಣಗಲಿಲ್ಲ, ಸೀರೆಯ ಹಸಿರು ಒಣಗಿತು. ಅಲ್ಲಿಂದ ಅಡುಗೆಮನೆ ಬಾಗಿಲ ಮೇಲಕ್ಕೆ, ಬೆಂಕಿಯ ಶಾಖಕ್ಕೆ. ಒಗ್ಗರಣೆಯ ಹೊಗೆ ಹಿಡಿಯಿತು. ಅಲ್ಲಿಂದ ನಮ್ಮ ಕೋಣೆಗೆ. ನನ್ನ ಗಂಡ ಅಂಗಿ ಬಿಚ್ಚಲು ನಾಚಿಕೊಂಡು, "ಅವ್ವ, ಅಜ್ಜಿನ ಬ್ಯಾರೆ ಕಡೆ ಇಡು, ನಂಗ್ಯಾಕೋ ಸರಿಹೋಗಕಿಲ್ಲ" ಎಂದರು. ಮತ್ತೆ ನಡುಮನೆ. ಗೋಡೆಯ ತುಂಬ ಮೊಳೆಯ ತೂತು. ಮಾವನ ಫೋಟೊ ಮಾತ್ರ ತೀರಿಕೊಂಡಾಗ ಯಾವ ಮೊಳೆಗೆ ಹಾಕಿದ್ದರೋ ಅದೇ ಮೊಳೆಯಲ್ಲಿದೆ. ಪಾಪ, ಅವರ ಕಡೆ ಅತ್ತೆ ತಿರುಗಿ ನೋಡಿದ್ದು ನಾನು ಕಾಣೆ.

ನಾನೂ ಸುಮ್ಮನಿರಲಿಲ್ಲ. ಕಾಗದದ ಚಿತ್ರವನ್ನು ಮನೆಯಲ್ಲಿ ಹೇಗೆ ಕಾಪಾಡಬೇಕು ಎಂದು ಮೊಬೈಲಿನಲ್ಲಿ ಹುಡುಕಿ, ಓದಿ ಹೇಳಿದೆ. ಬಿಸಿಲು ಬೀಳಬಾರದು, ಹೊರಗೋಡೆಗೆ ಹಾಕಬಾರದು, ಅಡುಗೆಮನೆ ಬಚ್ಚಲಿನ ಹತ್ತಿರ ಇರಬಾರದು, ಗಾಜು ಕಾಗದಕ್ಕೆ ತಾಕಬಾರದು, ಅಂಟಿನ ಟೇಪು ಕೂಡದು, ಪದೇ ಪದೇ ಮುಟ್ಟಬಾರದು.

"ಇಷ್ಟೆಲ್ಲ ಇಲ್ದಿರೋ ಗ್ವಾಡೆ ನಮ್ಮನೇಲಿ ಯಾವ್ದದೆ ತೋರ್ಸು" ಎಂದರು ಅತ್ತೆ.

ಬಿಸಿಲು, ತೇವ, ಹೊಗೆ ಮೂರೂ ಇಲ್ಲದ ಜಾಗ ನಮ್ಮ ಮನೆಯಲ್ಲಿದ್ದರೆ ಮೊದಲು ನಾನೇ ಅಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆ. ಆದರೂ ಹೇಳಿದೆ, "ಹುಣಸೂರಲ್ಲಿ ಗ್ಲಾಸ್ ಅಂಗಡಿ ಲಿಂಗಯ್ಯನೋರು ಅವ್ರಲ್ಲ, ಅವ್ರ ಹತ್ರ ಬಿಚ್ಚಿಸಿ ಬೇರೆ ಕಟ್ಟು ಹಾಕ್ಸೋಣ ಅತ್ತೆ."

"ಬಿಚ್ಚಿದ್ರೆ ಅಲ್ಲೇ ಹರಿದೋಯ್ತದೆ. ಯಾರೋ ಕೈಲಿ ಕೊಟ್ಟು ನಾನು ಮನೇಲಿ ಕೂತ್ಕಳನಾ?"

ಕೊಡಲಿಲ್ಲ. ಬದಲಿಗೆ ಹಿಂದಿನ ರಟ್ಟಿನ ಸುತ್ತ ಅಂಗಡಿಯ ಅಗಲ ಟೇಪು ಅಂಟಿಸಿದರು, ಹುಳ ಬರದಿರಲಿ ಎಂದು ನುಸಿಗುಳಿಗೆ ತುರುಕಿದರು. ಕಲೆ ಮಳೆಗಾಲ ಮಳೆಗಾಲಕ್ಕೆ ಮೇಲೇರುತ್ತಿತ್ತು. ಅತ್ತೆ ದಿನಾ ಬೆಳಿಗ್ಗೆ ಎದ್ದ ತಕ್ಷಣ ಹೋಗಿ ಗಾಜಿನ ಮೇಲೆ ಬೆರಳಿಟ್ಟು ಅದು ಎಲ್ಲಿಗೆ ಬಂದಿದೆ ಎಂದು ನೋಡುತ್ತಿದ್ದರು. ಹೋದ ವರ್ಷ ಮಳೆ ಹಿಡಿದಾಗ ಅದು ಕತ್ತಿನ ಕರಿಮಣಿಯವರೆಗೆ ಬಂತು.

"ಗಲ್ಲಕ್ಕೆ ಬಂದ್ರೆ ಮುಗೀತು ರೇಣುಕಾ. ಮಕ ಹೋಯ್ತು ಅಂದ್ರೆ ನಮ್ಮವ್ವ ಅಂಬೋಳು ಇದ್ಲು ಅನ್ನಾಕೆ ಏನದೆ ನಂತಾವ?"

ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು.

ಈಗ ಬ್ಯಾರನ್ನಿನ ವಿಷಯ ಹೇಳಬೇಕು. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ, ಕಿಟಕಿಯಿಲ್ಲದ ಮನೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಸೌದೆ ಹಾಕುತ್ತಾರೆ. ಬೆಂಕಿ ಹೊರಗೆ, ಬಿಸಿ ಒಳಗೆ. ಮೊದಲು ಸಣ್ಣ ಬಿಸಿಯಲ್ಲಿ ಸೊಪ್ಪು ಹಳದಿಗೆ ತಿರುಗಿ ಹಣ್ಣಾಗಬೇಕು, ಆಮೇಲೆ ಬಿಸಿ ಏರಿಸಿ ಒಣಗಿಸಬೇಕು. ನಡುವೆ ಬಾಗಿಲು ತೆಗೆದರೆ ಆ ಬ್ಯಾರನ್ ಸೊಪ್ಪು ಕೆಟ್ಟಿತು ಎಂದೇ ಲೆಕ್ಕ. ನಮ್ಮ ಕಡೆ ಒದ್ದೆಯಾದದ್ದೆಲ್ಲ ಕೊನೆಗೆ ಹೋಗಿ ಸೇರುವುದು ಬ್ಯಾರನ್ನಿಗೇ. ಸೊಪ್ಪು ಇಳಿಸಿದ ಮೇಲೆ ಒಳಗೆ ಇನ್ನೂ ಬೆಚ್ಚಗಿರುತ್ತದಲ್ಲ, ಮಳೆಗಾಲದಲ್ಲಿ ಮಗುವಿನ ಬಟ್ಟೆ, ಹೊದಿಕೆ, ನೆನೆದ ಬೆಂಕಿಪೊಟ್ಟಣ ಎಲ್ಲ ಅಲ್ಲಿಗೇ. ನನ್ನ ತವರಿನವರು ಕೇಳಿದರೆ ನಗುತ್ತಾರೆ.

ಅತ್ತೆ ಪಟವನ್ನೂ ಅಲ್ಲಿಗೇ ಒಯ್ದರು. ನನಗೆ ಹೇಳಲಿಲ್ಲ, ಹೇಳಿದ್ದರೆ ಜಗಳವಾಡುತ್ತಿದ್ದೆ. ಒಂದು ಬ್ಯಾರನ್ ಇಳಿಸಿ ಮುಗಿದಿತ್ತು. ಪಟವನ್ನು ಗೋಣಿತಾಟಿನಲ್ಲಿ ಸುತ್ತಿ, ಅಂತಸ್ತಿನ ಗಳುಗಳನ್ನು ಹಿಡಿದು ಹತ್ತಿ, ಯಾರ ಕಾಲಿಗೂ ಸಿಕ್ಕದಿರಲಿ ಎಂದು ಹಬೆ ಹೋಗಲು ಮೇಲೆ ಬಿಟ್ಟಿರುವ ಗವಾಕ್ಷಿಯ ಕಟ್ಟೆಯ ಮೇಲೆ ಇಟ್ಟು ಬಂದರು. ಅರವತ್ತು ದಾಟಿದ ಹೆಂಗಸು! ಸಂಜೆ ತೆಗೆದುಕೊಂಡರಾಯಿತು ಎಂದುಕೊಂಡಿದ್ದರು. ಅಷ್ಟರಲ್ಲಿ ಪಿರಿಯಾಪಟ್ಟಣದಲ್ಲಿದ್ದ ಮಾವನ ಅಕ್ಕ ತೀರಿಕೊಂಡ ಸುದ್ದಿ ಬಂತು. ಅತ್ತೆ ಮಣ್ಣಿಗೆ ಹೋದವರು ಅಲ್ಲಿಯೇ ಉಳಿಯಬೇಕಾಯಿತು.

ಇತ್ತ ಮೋಡ ಕಟ್ಟಿತು. ಗಿಡದಿಂದ ಮುರಿದಿಟ್ಟ ಸೊಪ್ಪು ರಾಶಿಯಲ್ಲೇ ಬೆಂದುಹೋಗುತ್ತದೆ ಎಂದು ನನ್ನ ಗಂಡ ಆಳು ಕರೆಸಿ, ಕಡ್ಡಿ ಏರಿಸಿ, ಬಾಗಿಲು ಮುಚ್ಚಿ ಒಲೆ ಹಚ್ಚಿದರು. ಮೇಲೆ ಹತ್ತಿದ ಆಳು ಗೋಣಿತಾಟನ್ನು ನೋಡಿಯೂ ಇರಬಹುದು. ಗವಾಕ್ಷಿಗೆ ತುರುಕುವ ತಾಟು ಎಂದುಕೊಂಡು ಬಿಟ್ಟಿರುತ್ತಾನೆ.

ಅತ್ತೆ ಮರುದಿನ ಬಸ್ಸಿಳಿದು ಬಂದರು. ಬ್ಯಾರನ್ನಿನ ಚಿಮಣಿಯಲ್ಲಿ ಹೊಗೆ ಕಂಡವರೇ ರಸ್ತೆಯಲ್ಲೇ ನಿಂತುಬಿಟ್ಟರು. ನಾನು ಸ್ನಾನಕ್ಕೆ ನೀರು ತೋಡಿಟ್ಟು ಕರೆಯಲು ಹೋದೆ. ಮುಖ ಬಿಳಿಚಿಕೊಂಡಿತ್ತು. ಸಾವಿನ ಮನೆಯಿಂದ ಬಂದವರು, ದುಃಖವಿರಬೇಕು ಎಂದುಕೊಂಡೆ.

"ಒಲೆ ಯಾವಾಗ ಹಚ್ಚುದ್ರು?"

"ನಿನ್ನೆ ಸಂಜೆ. ಯಾಕತ್ತೆ?"

ನನ್ನ ಕೈ ಹಿಡಿದು ಬ್ಯಾರನ್ನಿನ ಹಿಂದಕ್ಕೆ ಕರೆದುಕೊಂಡು ಹೋಗಿ ಪಟ ಒಳಗಿರುವುದನ್ನು ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. "ಇವ್ರಿಗೆ ಹೇಳಿ ಬಾಗಿಲು ತೆಗೆಸ್ತೀನಿ" ಎಂದು ಹೊರಟರೆ ಸೆರಗು ಹಿಡಿದು ಎಳೆದರು.

"ಬಾಯಿ ಬುಟ್ಟೀಯಾ ಜೋಕೆ. ಸೊಪ್ಪು ಈಗ ಹಣ್ಣಾಯ್ತಾ ಅದೆ. ಈಗ ಬಾಗ್ಲು ತೆಗುದ್ರೆ ಅಷ್ಟೂ ಕರ‍್ರಗಾಯ್ತದೆ. ನನ್ ಮಗನ ವರ್ಷದ ದುಡಿಮೆ ಕಣೆ ಅದು. ನಮ್ಮವ್ವ ಏನ್ ಹೊಸದಾಗಿ ಸಾಯ್ತಾಳಾ?"

ಅಂದದ್ದೇನೋ ಅಂದರು. ಆಮೇಲೆ ಬೆಂಕಿ ಆರುವವರೆಗೂ ಅತ್ತೆ ಬ್ಯಾರನ್ನಿನ ಸುತ್ತ ತಿರುಗುತ್ತಲೇ ಇದ್ದರು. ಗೋಡೆಗೆ ಅಂಗೈ ಒತ್ತಿ ಬಿಸಿ ನೋಡುವುದು, ಬಾಗಿಲಿನ ಸಣ್ಣ ಗಾಜಿನಲ್ಲಿ ಕಣ್ಣಿಟ್ಟು ಥರ್ಮಾಮೀಟರ್ ನೋಡುವುದು, ಕಾಣಿಸದ ಗವಾಕ್ಷಿಯ ಕಡೆ ಕತ್ತು ತಿರುಚುವುದು. ಮನೆಗೆ ಬಂದು ಪಾತ್ರೆ ಎತ್ತುತ್ತಾರೆ, ತೊಳೆಯದೆ ಅಲ್ಲೇ ಇಟ್ಟು ಮತ್ತೆ ಹೋಗುತ್ತಾರೆ. ಹಾಲು ಕರೆಯಲು ಕರು ಬಿಟ್ಟು ಮರೆತರು, ಅದು ಎಲ್ಲವನ್ನೂ ಕುಡಿಯಿತು. ಒಲೆಗೆ ಸೌದೆ ಹಾಕುವ ಸರದಿ ಅವರದಾದಾಗ ಸೌದೆಯನ್ನು ಕೈಯಲ್ಲಿ ಹಿಡಿದು ನಿಂತೇ ಇರುತ್ತಿದ್ದರು. ಹಾಕಿದರೆ ತಾಯಿಯ ಮುಖ ಬೇಯುತ್ತದೆ, ಹಾಕದಿದ್ದರೆ ಮಗನ ಸೊಪ್ಪು ಕೆಡುತ್ತದೆ. ಕೊನೆಗೆ ಹಾಕುತ್ತಿದ್ದರು. ಒಂದು ಸಲವೂ ತಪ್ಪಿಸಲಿಲ್ಲ.

"ಇದ್ಯಾಕವ್ವ ಹಿಂಗಾಡ್ತಾ ಇದ್ದೀಯೆ? ನಾನಿಲ್ವಾ ನೋಡ್ಕಳಾಕೆ?" ಎಂದರು ನನ್ನ ಗಂಡ.

"ಬಿಸಿ ಜಾಸ್ತಿಯಾಯ್ತಾ ಅಂತ ನೋಡ್ದೆ ಕಣ್ಲಾ" ಎಂದು ಅತ್ತೆ ಹೊರಟುಹೋದರು.

ಗಂಡನಿಂದ ಒಂದು ವಿಷಯ ಮುಚ್ಚಿಟ್ಟು ಮಗ್ಗುಲಲ್ಲಿ ಮಲಗುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಬಿಸಿ ಏರಿಸುವ ದಿನ ನಾನೂ ಹೋಗಿ ಗೋಡೆ ಮುಟ್ಟಿ ನೋಡಿದೆ. ಅಂಗೈ ಸುಟ್ಟಿತು. ಒಳಗೆ ಕಾಗದ ಏನಾಗಿರಬಹುದು ಎಂದು ಯೋಚಿಸದಿರಲು ಹಿತ್ತಿಲಿನ ಕಳೆಯನ್ನೆಲ್ಲ ಕಿತ್ತೆ. ಅತ್ತೆಯ ಕಾಯಿಲೆ ನನಗೂ ಅಂಟಿತ್ತು.

ಒಲೆ ಆರಿಸಿ, ತಣ್ಣಗಾದ ಮೇಲೆ ಬಾಗಿಲು ತೆಗೆದರು. ಸೊಪ್ಪು ಚಿನ್ನದ ಬಣ್ಣಕ್ಕೆ ಬಂದಿತ್ತು. ನನ್ನ ಗಂಡ ಖುಷಿಯಲ್ಲಿ ಅವ್ವನನ್ನು ಕೂಗಿ ಕರೆದರು. ಬ್ಯಾರನ್ನಿನಲ್ಲಿ ಬಿಸಿ ಇಳಿದ ಸೊಪ್ಪನ್ನು ಆಗಲೇ ಯಾರೂ ಮುಟ್ಟುವುದಿಲ್ಲ, ಮುಟ್ಟಿದರೆ ಪುಡಿಪುಡಿ. ಬಾಗಿಲು ತೆರೆದಿಟ್ಟು, ಹೊರಗಿನ ತಂಪುಗಾಳಿಗೆ ಅದು ಮೆತ್ತಗಾಗಿ ಹದಕ್ಕೆ ಬಂದ ಮೇಲೆಯೇ ಇಳಿಸುವುದು. ಅದು ಅತ್ತೆಗೆ ಗೊತ್ತಿಲ್ಲದ್ದಲ್ಲ. ಆದರೂ ಸೊಪ್ಪಿನ ನಡುವೆಯೇ ನುಗ್ಗಿ, ಅಂತಸ್ತು ಹತ್ತಿ, ಗೋಣಿತಾಟನ್ನು ಎದೆಗವಚಿಕೊಂಡು ಇಳಿದರು. ಪುಡಿಯಾದ ಎಲೆ ತಲೆಯ ಮೇಲೆಲ್ಲ ಉದುರಿತು. ನನ್ನ ಗಂಡನಿಗೆ ಆಗ ವಿಷಯ ಗೊತ್ತಾಯಿತು. ಅವ್ವನ ತಲೆಯ ಮೇಲಿನ ಪುಡಿಯನ್ನು ಕೈಯಿಂದ ಕೊಡವಿದರು, ಅಷ್ಟೆ.

ಜಗುಲಿಯಲ್ಲಿ ತಾಟು ಬಿಚ್ಚಿದೆವು. ಕಟ್ಟಿನ ಮರ ತಿರುಚಿಕೊಂಡಿತ್ತು. ಟೇಪಿನ ಅಂಟು ಕರಗಿ ಸುರಿದು ಗಟ್ಟಿಯಾಗಿತ್ತು. ಗಾಜು ಒಡೆದಿರಲಿಲ್ಲ. ಒಳಗೆ ಕಾಗದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ ಡೊಂಕಾಗಿ ನಿಂತಿತ್ತು. ಮುಖ ಇತ್ತು. ಮಸುಕಾಗಿತ್ತು, ಆದರೆ ಇತ್ತು. ಅತ್ತೆಯ ಕೈ ತಡೆಯಲಿಲ್ಲ, ಹಿಂದಿನ ರಟ್ಟಿನ ಮೇಲ್ತುದಿಯನ್ನು ಕಿತ್ತೇಬಿಟ್ಟರು. ಕಾಗದದ ಮೇಲಿನ ಮೂಲೆ ಹಪ್ಪಳದ ಹಾಗೆ ಚಟ್ಟೆಂದು ಮುರಿದು ಅವರ ಬೆರಳಿನಲ್ಲಿ ಉಳಿಯಿತು.

ಅತ್ತೆ ಆ ಚೂರನ್ನೇ ನೋಡಿದರು. ಆಮೇಲೆ ಎರಡು ಕೈಯನ್ನೂ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು.

"ಮುಟ್ಬ್ಯಾಡಿ. ಯಾರೂ ಮುಟ್ಬ್ಯಾಡಿ. ಹದ ಬರ‍್ಲಿ."

ಸೊಪ್ಪಿಗೆ ಹೇಳುವ ಮಾತನ್ನೇ ಕಾಗದಕ್ಕೂ ಹೇಳಿದರು. ಪಟವನ್ನು ಒಳಗೆ ಕುಡಿಯುವ ನೀರಿನ ಕೊಳಗಗಳಿರುವ ತಂಪು ಕೋಣೆಯಲ್ಲಿ, ನೀರು ತಾಕದ ಹಾಗೆ ಮಣೆಯ ಮೇಲಿಟ್ಟು, ಮೇಲೆ ತೆಳು ಪಂಚೆ ಮುಚ್ಚಿದೆವು. ಅತ್ತೆ ಕೋಣೆಯ ಬಾಗಿಲಿನವರೆಗೆ ಹೋಗುವುದು, ಹೊಸಿಲು ದಾಟದೆ ವಾಪಸು ಬರುವುದು, ಮತ್ತೆ ಹೋಗುವುದು. ಸೊಪ್ಪು ಇಳಿಸಿ ಗಂಟು ಕಟ್ಟುವ ತನಕವೂ ಹೀಗೆಯೇ ಕಳೆದರು. ಬ್ಯಾರನ್ನಿನ ಸುತ್ತ ತಿರುಗಿದ ದಿನಗಳಿಗಿಂತ ಇದೇ ಅವರಿಗೆ ಕಷ್ಟವಾಗಿತ್ತು. ಆಗ ಬಾಗಿಲು ಮುಚ್ಚಿತ್ತು, ಈಗ ತೆರೆದೇ ಇತ್ತು.

ಕಾಗದ ಮೆತ್ತಗಾದ ಮೇಲೆ ಹುಣಸೂರಿಗೆ ಹೊರಟೆವು. ಪಟ ಯಾರೋ ಕೈಗೆ ಹೋಗುವುದು ಬೇಡ ಎನ್ನುತ್ತಿದ್ದವರು ತಾವೇ "ನಡಿ, ಆ ಲಿಂಗಯ್ಯನೋರ ತಾವ ಹೋಗವ" ಎಂದರು. ಬಸ್ಸಿನ ಕುಲುಕಾಟಕ್ಕೆ ಪೆಟ್ಟಾದೀತು ಎಂದು ನನ್ನ ಗಂಡ ಆಟೊ ಮಾಡಿ ಕೊಟ್ಟರು. ದಾರಿಯುದ್ದಕ್ಕೂ ಪ್ರತಿ ಹಳ್ಳ ಬಂದಾಗಲೂ ಅತ್ತೆ ಆಟೊದವನನ್ನು ಬೈದರು.

ಲಿಂಗಯ್ಯನವರ ಅಂಗಡಿ ಬಜಾರಿನ ಒಳಗಲ್ಲಿಯಲ್ಲಿದೆ. ದೇವರ ಪಟ, ಮದುವೆ ಫೋಟೊ, ಪುಢಾರಿಗಳ ಸನ್ಮಾನಪತ್ರ ಇವಕ್ಕೆಲ್ಲ ಕಟ್ಟು ಹಾಕುವವರು. ಪಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಏನ್ರವ್ವ, ಇದ್ನ ಒಲೆ ಮ್ಯಾಲೆ ಇಟ್ಟಿದ್ರಾ?"

"ಬ್ಯಾರನ್ನಾಗೆ ಇಟ್ಟಿದ್ದೆ ಕಣಣ್ಣ" ಎಂದರು ಅತ್ತೆ, ಸಣ್ಣ ದನಿಯಲ್ಲಿ.

ಲಿಂಗಯ್ಯ ನಗಲಿಲ್ಲ. ಅವರ ಮನೆಯಲ್ಲೂ ಹೊಗೆಸೊಪ್ಪು ಬೆಳೆಯುತ್ತಾರೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಪಟವನ್ನು ಮಗುಚಿ ಮಲಗಿಸಿ, ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಗಾಜಿನಿಂದ ಕಾಗದ ಬಹುಪಾಲು ಬಿಟ್ಟುಕೊಂಡಿತ್ತು, ಹೆಗಲಿನ ಮೇಲಿನ ಸೆರಗಿನ ಬಣ್ಣ ಮಾತ್ರ ಒಂದಿಷ್ಟು ಗಾಜಿಗೇ ಉಳಿಯಿತು. ಅತ್ತೆಯ ಉಗುರು ನನ್ನ ತೋಳಿಗೆ ನಾಟಿತ್ತು. ಕಾಗದದ ಹಿಂಬದಿಯನ್ನು ನೋಡಿ ಲಿಂಗಯ್ಯ ಕೈ ನಿಲ್ಲಿಸಿದರು.

"ಕೆಳಗಡೆ ಮಡ್ಚವ್ರಲ್ಲ!"

ಬಗ್ಗಿ ನೋಡಿದೆವು. ಕಾಗದದ ಕೆಳಗಿನ ಭಾಗವನ್ನು, ಹೆಚ್ಚೂಕಡಿಮೆ ಮೂರನೆಯ ಒಂದು ಪಾಲು, ಹಿಂದಕ್ಕೆ ಮಡಿಸಿ ರಟ್ಟಿನೊಳಗೆ ಸಿಕ್ಕಿಸಿದ್ದರು.

"ಆಗೆಲ್ಲ ದೇವ್ರ ಪಟದ ಸೈಜಿನ ಕಟ್ಟೇ ಸಿಕ್ತಿದ್ದದ್ದು. ಮಕ ಕಂಡ್ರೆ ಸಾಕು ಅಂತ ಮಿಕ್ಕಿದ್ದ ಮಡ್ಚಿ ಹಾಕ್ಬುಡೋರು. ಕೇಳ್ತಾನೂ ಇರ‍್ನಿಲ್ಲ" ಎಂದರು ಲಿಂಗಯ್ಯ. "ಇದ್ನ ಬಿಚ್ಬೋದು. ಆದ್ರೆ ಮಡಿಕೆ ಮ್ಯಾಲೆ ಬಿರುಕು ಬಿಟ್ಟದೆ. ಹರಿದ್ರೆ ನನ್ನ ಅ‍ನ್ಬ್ಯಾಡಿ. ಹೆಂಗ್ ಮಾಡವ?"

ಎಂದೂ ಯಾವುದಕ್ಕೂ ಕಾಯದ ಹೆಂಗಸು ನನ್ನ ತೋಳು ಬಿಟ್ಟು, ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತರು. ಆಮೇಲೆ "ನಿಧಾನಕ್ಕೆ ಬಿಚ್ಚಿ. ನಂಗೇನ್ ಅರ್ಜೆಂಟಿಲ್ಲ" ಎಂದರು.

ಲಿಂಗಯ್ಯ ಅಗಲವಾದ ತೆಳು ಪಟ್ಟಿಯೊಂದನ್ನು ಮಡಿಕೆಯೊಳಗೆ ತೂರಿಸಿ, ಸ್ವಲ್ಪ ಎತ್ತುವುದು, ಬಿಡುವುದು, ಮತ್ತೆ ಎತ್ತುವುದು, ಹೀಗೆ ಮಾಡಿದರು. ಒಂದು ಕೊನೆಯಲ್ಲಿ ಕಾಗದ ಸೀಳಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಉಳಿದದ್ದು ಹಿಡಿದುಕೊಂಡಿತು. ಮಡಿಕೆ ಪೂರ್ತಿ ಬಿಚ್ಚಿದ ಮೇಲೆ ಲಿಂಗಯ್ಯನವರೂ ನಾನೂ ಸೇರಿ ಕಾಗದವನ್ನು ಬಟ್ಟೆಯ ಸಮೇತ ತಿರುಗಿಸಿ ಮಲಗಿಸಿದೆವು.

ಮೊದಲು ಕಂಡದ್ದು ಹಸಿರು. ಮೇಲಿನ ಬೂದಿ ಬಣ್ಣದ ಸೀರೆ ಮಡಿಕೆಯ ಗೆರೆ ದಾಟಿದ ಕೂಡಲೇ ಎಳೆ ಬತ್ತದ ಪೈರಿನ ಹಸಿರಾಗಿತ್ತು, ಅಂಚು ಕುಂಕುಮಗೆಂಪು. ಚಿಕ್ಕತಾಯಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಎಡಗೈ ಬಳೆ ತುಂಬಿಕೊಂಡು ಒಂದು ಮಗುವಿನ ತಲೆಯ ಅಡಿಗಿತ್ತು, ಬಲಗೈ ಅದರ ಹೊಟ್ಟೆಯ ಮೇಲಿತ್ತು. ಮೂಲೆಯ ಕಲೆ ಮಗುವಿನ ಪಾದಗಳನ್ನು ತಿಂದಿತ್ತು. ಕಾಗದ ಕೆಂಚಗಾಗಿದ್ದರೂ ಉಳಿದ ಬಣ್ಣವೆಲ್ಲ ನಿನ್ನೆ ಹಚ್ಚಿದಂತಿತ್ತು. ಆ ಮನೆಯಲ್ಲಿ ಆ ಕಾಲಕ್ಕೆ ಇದ್ದದ್ದು ಒಂದೇ ಕೂಸು.

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಮೇಜಿಗೆ ಎರಡೂ ಕೈ ಊರಿ ಬಗ್ಗಿದರು.

"ರೇಣುಕಾ, ನನ್ ಕನ್ನಡ್ಕ ಮರ‍್ತು ಬಂದಿವ್ನಿ. ಕೂಸು ಅಳ್ತಾ ಅದಾ ನೋಡವ್ವ."

"ಇಲ್ಲ ಅತ್ತೆ."

"ನಗ್ತಾ ಅದಾ?"

"ಇಲ್ಲ ಅತ್ತೆ. ನಿದ್ದೆ ಮಾಡ್ತಾ ಅದೆ."

"ನಿದ್ದೆ ಮಾಡ್ತಾ ಇವ್ನಿ ನಾನು" ಎಂದರು. ಯಾರಿಗೂ ಅಲ್ಲ, ತಮ್ಮಷ್ಟಕ್ಕೆ. ಅದನ್ನೇ ಇನ್ನೊಂದು ಸಲ ಅಂದರು. ಆ ದೊಡ್ಡವ್ವ ಬದುಕಿದ್ದಿದ್ದರೆ ನಾನು ಆವತ್ತೇ ಹಂಪಾಪುರಕ್ಕೆ ಹೋಗಿ ಅವಳ ಜನ್ಮ ಜಾಲಾಡಿಸಿ ಬರುತ್ತಿದ್ದೆ. ಅಷ್ಟು ಸಿಟ್ಟು ಬಂದಿತ್ತು ನನಗೆ.

ಲಿಂಗಯ್ಯ ಕೈ ಒರೆಸಿಕೊಂಡು ಅಳತೆಯ ಟೇಪು ತೆಗೆದರು. ದೊಡ್ಡ ಕಟ್ಟು ಹಾಕುತ್ತೇನೆ, ಸುತ್ತ ದಪ್ಪ ರಟ್ಟಿನ ಅಂಚು ಕೊಟ್ಟು ಗಾಜು ತಾಕದಂತೆ ಮಾಡುತ್ತೇನೆ, ಹಿಂದೆ ಗಾಳಿಯಾಡಲು ಗೋಡೆಗೂ ಕಟ್ಟಿಗೂ ನಡುವೆ ಸಣ್ಣ ಬಿರಡೆ ಇಡುತ್ತೇನೆ, ಕುಂಕುಮವನ್ನು ಗಾಜಿಗೆ ಇಡಬೇಡಿ, ಕೆಳಗೊಂದು ಹಲಗೆ ಹೊಡೆಸಿ ಅಲ್ಲಿಡಿ ಎಂದರು. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಲಿಂಗಯ್ಯ ಮತ್ತೆ ಆ ಹಸಿರನ್ನು ನೋಡಿದರು.

"ಆದ್ರೆ ಒಂದ್ ಮಾತು ಕೇಳಿ ತಾಯಿ. ಈ ಕೆಳಗಿಂದು ಇಷ್ಟು ಚೆನ್ನಾಗಿ ಉಳ್ಕಂಡಿರೋದು ಬೆಳಕು ಕಾಣ್ದೆ ಇದ್ದದ್ದಕ್ಕೆ. ಈಗ ಗ್ವಾಡೆಗೆ ಹಾಕುದ್ರೆ ಇದೂ ಮಾಸ್ತದೆ, ಮೇಲಿನ್ ಥರನೇ ಆಯ್ತದೆ. ಕಂಪ್ಯೂಟರ್‌ನಲ್ಲಿ ಇದರದ್ದೊಂದು ಕಾಪಿ ತೆಗ್ಸಿ ಅದ್ನ ಗ್ವಾಡೆಗೆ ಹಾಕಳಿ. ಅಸಲಿನ ಬಟ್ಟೇಲಿ ಸುತ್ತಿ ಟ್ರಂಕಲ್ಲಿ ಮಡಗಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇಂಗೇ ಇರ‍್ತದೆ."

ಅವರು ಹೇಳಿದ್ದು ಸರಿ. ನನ್ನ ಮೊಬೈಲೂ ಅದನ್ನೇ ಹೇಳಿತ್ತು. ಇಷ್ಟು ವರ್ಷ ಆ ಕಾಗದ ಉಳಿಯಲಿ ಎಂದು ಒದ್ದಾಡಿದ ಅತ್ತೆ ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಕಾಗದವನ್ನು ಮುಟ್ಟದೆ, ಅದರ ಪಕ್ಕದ ಬಟ್ಟೆಯ ಸುಕ್ಕನ್ನು ಅಂಗೈಯಲ್ಲಿ ಸವರಿದರು.

"ಬ್ಯಾಡ ಕಣಣ್ಣ. ಮಾಸುದ್ರೆ ಮಾಸ್ಲಿ. ಬಣ್ಣ ಉಳ್ಸ್ಕಂಡು ಕತ್ಲಲ್ಲಿ ಇದ್ದದ್ದು ಸಾಕು. ನಡುಮನೇಲಿ ಹಾಕ್ತೀನಿ. ನಮ್ಮವ್ವ ನನ್ನ ತೊಡೆ ಮ್ಯಾಲೆ ಹಾಕ್ಕಂಡಿರೋದ ಬಂದೋರೆಲ್ಲ ನೋಡ್ಲಿ."